ಕರಿಪಟ್ಟೆಯ ಒಳಗು ಹೊರಗು

ಗುರುಮಲ್ಲಪ್ಪನ ಮುತ್ತಾತ ಸಿದ್ದಪ್ಪ, ಗುಂಡ್ಲುಹೊಳೆ ತುಂಬಿ ಹರಿಯುವಾಗ ಎತ್ತಿನ ಬಾಲ ಹಿಡಿದು ಆಚೆ ದಡ ಸೇರಿ, ಬಂದ ಕೆಲಸ ಮರೆತು, ಅದೇ ಬಾಲ ಹಿಡಿದು ವಾಪಸ್ಸು ಬಂದವನು. ತಾತ ವಿರೂಪಾಕ್ಷಪ್ಪ ಬಂಡೆಯಲ್ಲಿ ಬಾವಿ ತೋಡಿಸಿ, ನೀರು ಬಾರದಿದ್ದಾಗ ಅದು ರಾಗಿ ತುಂಬುವ ಹಗೇವು ಎಂದು ಊರಿಗೆಲ್ಲ ಹೇಳಿದವನು. ಅಪ್ಪ ಮಹದೇವಪ್ಪ ಒಂದೇ ಮಾತಿನಲ್ಲಿ ಜಮೀನು ಭಾಗ ಮಾಡಿ, ಇಬ್ಬರು ಮಕ್ಕಳು ಅದರ ಅರ್ಥ ಕೇಳುವಷ್ಟರಲ್ಲಿ ತೀರಿಕೊಂಡವನು.

"ಕರಿಪಟ್ಟೆ ಒಳಗಿಂದು ಚಿಕ್ಕೋನ್ಗೆ, ಒರಗಿಂದು ದೊಡ್ಡೋನ್ಗೆ." ಇದೇ ಆ ಮಾತು.

ಬದನವಾಳಿನ ಈಚೆ ಇರುವ ಅವರ ಹೊಲದಲ್ಲಿ ಕಬ್ಬಿಣದ ಬಣ್ಣದ ಕಲ್ಲು ಮೊಳದೆತ್ತರ ಎದ್ದು ನಿಂತಿದೆ. ಅದೇ ಕರಿಪಟ್ಟೆ. ಮೂಡಲಿಗೊಂದು ಸಾಲು, ಪಡುವಲಿಗೊಂದು ಸಾಲು, ಎರಡೂ ತೆಂಕಲಿಗೆ ಹೋಗಿ ಮಣ್ಣಿನಲ್ಲಿ ಮುಳುಗುತ್ತವೆ. ನಡುವೆ ಎಕರೆಯಷ್ಟು ನೆಲ. ಇಡೀ ಹೊಲಕ್ಕೆ ಬೋರಿನಲ್ಲಿ ನೀರು ಸಿಕ್ಕಿರುವುದು ಅಲ್ಲಿ ಮಾತ್ರ.

ಹಿರಿಯನಾದ ಗುರುಮಲ್ಲಪ್ಪ ಅಲ್ಲಿ ಬಾಳೆ ಹಾಕಿಕೊಂಡಿದ್ದ. ಅವನ ವಾದ ಸರಳ. ಗೋಡೆ ತಿರುಗಿದರೆ ತಾನೇ ಒಳಗು ಅನ್ನುವುದು? ಇವು ಎರಡು ಬೇರೆ ಬೇರೆ ಕಲ್ಲು, ಇವಕ್ಕೆ ಒಳಗೇ ಇಲ್ಲ, ಒಳಗಲ್ಲದ್ದೆಲ್ಲ ಹೊರಗು. ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುವ ತಮ್ಮ ನಾಗೇಂದ್ರ ಇದನ್ನು ಒಪ್ಪಿರಲಿಲ್ಲ.

"ಒಂದೇ ಕಲ್ಲು ಕಣಣ್ಣಯ್ಯ. ತೆಂಕ್ಲಾಗೆ ಮಣ್ಣೊಳಗೆ ಕೂಡ್ಕಂಡದೆ. ಅಗ್ದು ನೋಡಮ."

"ನನ್ ಬಾಳೆ ಬುಡ ಅಗಿಯಾಕೆ ನೀನ್ಯಾವೂರ ದಾಸಯ್ಯ? ಓಗ್ಲಾ, ಶಿಫ್ಟಿಗೆ ಒತ್ತಾಯ್ತು."

ಹೀಗೆ ವರ್ಷಗಳು ಕಳೆದವು. ಹಬ್ಬಕ್ಕೆ ಮಾತ್ರ ಒಟ್ಟಿಗೆ ಕೂತು ಉಣ್ಣುತ್ತಿದ್ದರು.

ಹೋದ ವರ್ಷ ಮಾಗಿಯಲ್ಲಿ ಭೂವಿಜ್ಞಾನ ಪಾಠ ಹೇಳುವ ಶಾಲಿನಿ ಮೇಡಂ ವಿದ್ಯಾರ್ಥಿಗಳನ್ನು ಕರೆದುಕೊಂಡು ಅದೇ ಕಲ್ಲು ನೋಡಲು ಬಂದರು. ಗುರುಮಲ್ಲಪ್ಪ ಎಲ್ಲರಿಗೂ ಎಳನೀರು ಕೆತ್ತಿಕೊಟ್ಟ.

"ಮೇಡಮ್ಮಾರೆ, ಇವು ಎರಡು ಕಲ್ಲು ಅಂತ ನನ್ ತಮ್ಮನ್ ಮುಂದೆ ಒಂದ್ಮಾತೇಳ್ಬುಡಿ ಸಾಕು."

"ನೋಡದೆ ಹೇಳಕ್ಕಾಗಲ್ಲ ಯಜಮಾನ್ರೆ. ಒಳಮೈಗೆ ಅಂಟಿಕೊಂಡಿದೆಯಲ್ಲ ಬಿಳಿ ಕಲ್ಲು, ಅದು ನೀರು ತಂದು ಹಾಕಿದ ಮರಳು, ಕಪಿಲೆ ದಂಡೆಯಲ್ಲಿ ಬೀಳುತ್ತಲ್ಲ ಹಾಗೇ. ಈಗ ಪದರಗಳು ನೆಟ್ಟಗೆ ನಿಂತಿವೆ, ಆವಾಗ ಮಲಗಿದ್ದವು."

"ಯಾವಾಗ?"

"ಸುಮಾರು ಮುನ್ನೂರು ಕೋಟಿ ವರ್ಷದ ಹಿಂದೆ."

"ನಮ್ಮಪ್ಪನ್ಗಿಂತ ಮುಂಚೆ" ಎಂದು ಗುರುಮಲ್ಲಪ್ಪ ಒಪ್ಪಿದ.

ಮರಳಿನಲ್ಲಿ ಓರೆ ಗೆರೆಗಳಿರುತ್ತವೆ ಎಂದು ಮೇಡಂ ತೋರಿಸಿಕೊಟ್ಟರು. ಕುಡುಗೋಲಿನಲ್ಲಿ ಕೊಯ್ದ ಹಾಗೆ ಗೆರೆ ತುಂಡಾಗಿರುವ ಕಡೆ ಆಗಿನ ಕಾಲದ ಮೇಲ್ಮೈ, ಬಾಗಿ ತೆಳ್ಳಗೆ ಕೂಡಿಕೊಂಡಿರುವ ಕಡೆ ಬುಡ. ಎರಡು ಸಾಲಿನ ಮೇಲ್ಮೈಯೂ ಒಂದೇ ದಿಕ್ಕಿಗಿದ್ದರೆ ಬೇರೆ ಬೇರೆ ಕಲ್ಲು. ಎದುರುಬದುರು ಇದ್ದರೆ ಒಂದೇ ಪದರ. ದೊಡ್ಡ ದೊಡ್ಡ ನೆಲಗಳು ಒಂದನ್ನೊಂದು ಒತ್ತಿದಾಗ, ಎರಡು ಕಡೆಯಿಂದ ತಳ್ಳಿದ ಜಮಖಾನದಂತೆ ಅದು ಮಡಿಚಿಕೊಂಡಿರುತ್ತದೆ. ಮೇಲಿನದೆಲ್ಲ ಸವೆದು ಅಂಚು ಮಾತ್ರ ನಮಗೆ ಕಾಣುತ್ತದೆ. ಇಷ್ಟು ಹೇಳಿ, ಆಚೆ ದಿಣ್ಣೆ ನೋಡಿಕೊಂಡು ಬರುತ್ತೇವೆ ಎಂದು ಅವರು ಹೊರಟರು.

ಗುರುಮಲ್ಲಪ್ಪ ಒಂದು ಕೊಡ ನೀರು ಹೊತ್ತುಕೊಂಡು ಪಡುವಲ ಸಾಲಿಗೆ ಹೋಗಿ ಬಿಳಿ ಕಲ್ಲಿಗೆ ಎರಚಿದ. ಗೆರೆ ಎದ್ದು ಕಂಡಿತು. ತುಂಡಾದ ತುದಿ ಮೂಡಲಿಗೆ. ಮೂಡಲ ಸಾಲಿಗೂ ಹೋಗಿ ಎರಚಿದ. ತುಂಡಾದ ತುದಿ ಪಡುವಲಿಗೆ. ನಂಬಿಕೆ ಬಾರದೆ ಇನ್ನೊಂದು ಕೊಡ ತಂದು ಬೇರೆ ಜಾಗದಲ್ಲಿ ಸುರಿದ. ಅಲ್ಲೂ ಪಡುವಲಿಗೇ.

ಹೊಲದಲ್ಲಿ ಅವನೊಬ್ಬನೇ ಇದ್ದ. ಒದ್ದೆ ಕಲ್ಲು ಒಣಗಿದರೆ ಗೆರೆ ಮತ್ತೆ ಮಾಯವಾಗುತ್ತದೆ. ಮೇಡಂ ಮೈಸೂರಿಗೆ ಹೋಗುವವರು, ಅವರಿಗೆ ಈ ಪಾಲಿನಿಂದ ಆಗಬೇಕಾದ್ದೇನೂ ಇಲ್ಲ. ಗುರುಮಲ್ಲಪ್ಪ ಒಂದು ಬೀಡಿ ಸೇದಿದ. ಆಮೇಲೆ ತೆಂಕಲ ತುದಿಯ ಬಾಳೆ ಗಿಡ ಕಡಿದುಹಾಕಿ ಹಾರೆ ಹಿಡಿದ.

ಮೇಡಂ ಬರುವ ಹೊತ್ತಿಗೆ ಅವನು ಸೊಂಟದುದ್ದ ಗುಂಡಿಯಲ್ಲಿ ನಿಂತಿದ್ದ. ಕರಿಪಟ್ಟೆ ಅವನ ಕಾಲ ಹತ್ತಿರ, ಎತ್ತಿನ ಲಾಳದ ಹಾಗೆ ಬಾಗಿ, ಈ ಸಾಲಿನಿಂದ ಆ ಸಾಲಿಗೆ ತಿರುಗಿತ್ತು. ಮೇಡಂ ಸಂತೋಷದಿಂದ ಫೋಟೊ ತೆಗೆದುಕೊಂಡರು.

ಶಿಫ್ಟು ಮುಗಿಸಿ ಬಂದ ನಾಗೇಂದ್ರನನ್ನು ಗುರುಮಲ್ಲಪ್ಪನೇ ಕೂಗಿ ಕರೆದ.

"ನೋಡ್ಕ ಬಾ. ಒಂದೇ ಕಲ್ಲು. ಒಳಗದೆ. ಒಳಗಿಂದು ನಿಂದು."

ನಾಗೇಂದ್ರ ಗುಂಡಿ ನೋಡಿದ. ಗೆದ್ದವನ ಮುಖ ಹೇಗಿರಬೇಕೆಂದು ಅವನಿಗೆ ತಿಳಿಯಲಿಲ್ಲ.

"ಅಣ್ಣಯ್ಯ, ಬಾಳೆ ನೀನೇ ಕುಯ್ಕ. ಬೋರ್ ನೀರ್ನೂ ನಿನ್ ಒಲಕ್ಕೆ ಬುಡ್ತೀನಿ. ನೀರಿಲ್ದೆ ಏನ್ ಬೆಳೀತೀಯ ಅಲ್ಲಿ?"

"ಉರುಳಿಕಾಳು ಬೆಳೀತೀನಿ. ಉರುಳಿ ಯಾರ್ನೂ ನೀರ್ ಕೇಳಕಿಲ್ಲ" ಎಂದು ಗುರುಮಲ್ಲಪ್ಪ ಬಾಳೆಗೆ ನೀರು ಹಾಯಿಸುತ್ತಿದ್ದ ಪೈಪು ಬಿಚ್ಚಲು ಬಗ್ಗಿದ.

"ಓಗ್ಲಿ, ಪೈಪಾದ್ರೂ ಬಿಚ್ಕೊಡ್ತೀನಿ ತಡಿ. ಒಬ್ನೇ ಎತ್ತಕಾಗಲ್ಲ ನಿನ್ಗೆ."

"ನನ್ ಪೈಪು, ನಾನೇ ಜೋಡಿಸ್ದೋನು, ನಾನೇ ಬಿಚ್ತೀನಿ. ನೀ ಕೈ ಆಕ್ಬ್ಯಾಡ. ಅತ್ಲಾಗ್ ನಿಂತ್ಕ, ನಿನ್ ಜಾಗ್ದಲ್ಲೇ ನಿಂತ್ಕ, ಬ್ಯಾಡ ಅನ್ನಕಿಲ್ಲ."