ಮೂರು ಬೀಳ್ಕೊಡುಗೆಗಳ ದೊಡ್ಡಮ್ಮ

ನಮ್ಮ ಮುದ್ರಣಾಲಯದಲ್ಲಿ ನನ್ನ ಹುದ್ದೆಯ ಹೆಸರು ಕಚೇರಿ ಸಹಾಯಕ. ಹೆಸರು ಕೇಳಿ ಮೋಸ ಹೋಗಬೇಡಿ. ಬೀಳ್ಕೊಡುಗೆ ಸಮಾರಂಭವಿದ್ದ ದಿನ ಹೂಗುಚ್ಛ ತರುವುದು, ತಟ್ಟೆಗೆ ಬಿಸ್ಕತ್ತು ಜೋಡಿಸುವುದು, ಮೊಬೈಲಿನಲ್ಲಿ ಫೋಟೋ ತೆಗೆದು ಪ್ರಿಂಟು ಹಾಕಿ ಕಡತಕ್ಕೆ ಅಂಟಿಸುವುದು, ಇಷ್ಟೇ ನಾನು ಬಲ್ಲ ವಿದ್ಯೆ. ಉಳಿದ ದಿನ ಕಂಪ್ಯೂಟರಿನ ಮುಂದೆ ಕೂತು ಗಂಭೀರವಾಗಿ ಮುಖ ಮಾಡುತ್ತೇನೆ. ಅದನ್ನೂ ಗುತ್ತಿಗೆಯ ಮೇಲೆ ಮಾಡುತ್ತೇನೆ. ಈ ಘನ ಉದ್ಯೋಗವನ್ನು ನಾನಾಗಿ ಗಳಿಸಿದ್ದೂ ಅಲ್ಲ. ನನ್ನ ದೊಡ್ಡಪ್ಪ ಸಾಹೇಬರ ಮುಂದೆ ಹಲ್ಲು ಗಿಂಜಿ ಕೊಡಿಸಿದ್ದು. ನನ್ನ ಊಟ, ನಿದ್ದೆ ಎಲ್ಲ ಅವರ ಮನೆಯಲ್ಲೇ. ಆದ್ದರಿಂದ ಮುಂದೆ ನಾನು ಯಾರನ್ನಾದರೂ ಹಂಗಿಸಿದರೆ, ಹಂಗಿಸುತ್ತಿರುವವನು ಎಂಥ ಹುಲಿ ಎಂಬುದು ನಿಮಗೆ ನೆನಪಿರಲಿ.

ಆ ಮನೆಯ ಹಾಲಿನ ಗೋಡೆಯ ಮೇಲೆ ಮೂರು ಗಡಿಯಾರಗಳಿವೆ. ಒಂದು ಇನ್ನೊಂದರ ಮಾತನ್ನು ಒಪ್ಪುವುದಿಲ್ಲ. ಮೂರೂ ದೊಡ್ಡಮ್ಮನಿಗೆ ಬಂದವು. ನಮ್ಮ ಮುದ್ರಣಾಲಯದಲ್ಲಿ ಕೆಲಸ ಬಿಟ್ಟು ಹೋಗುವವರಿಗೆ ಕೊಡುವ ಉಡುಗೊರೆ ಗೋಡೆ ಗಡಿಯಾರ. ಇನ್ನು ಮೇಲೆ ಹೊತ್ತಿಗೆ ಸರಿಯಾಗಿ ಬರುವ ಅಗತ್ಯವಿಲ್ಲದವರಿಗೆ ಗಡಿಯಾರವೇ ಯಾಕೆ ಎಂದು ಕೇಳುವಷ್ಟು ಬುದ್ಧಿ ಅಲ್ಲಿ ಯಾರಿಗೂ ಇಲ್ಲ. ಗಂಡಸರಿಗೆ ಜೀವಮಾನಕ್ಕೆ ಒಂದು ಸಿಗುತ್ತದೆ; ದೊಡ್ಡಪ್ಪನದು ಮಲಗುವ ಕೋಣೆಯಲ್ಲಿದೆ. ದೊಡ್ಡಮ್ಮನಿಗೆ ನಿವೃತ್ತಿಯ ಮೊದಲೇ ಮೂರು ಸಿಕ್ಕಿದ್ದವು. ಈ ಒಂದು ವಿಷಯದಲ್ಲಿ ಸಂಸ್ಥೆ ಹೆಂಗಸರಿಗೆ ಧಾರಾಳವಾಗಿಯೇ ಕೊಟ್ಟಿದೆ ಎನ್ನಬೇಕು.

ದೊಡ್ಡಮ್ಮನ ಕೆಲಸ ಮಡಿಕೆ. ಮುದ್ರಣವಾಗಿ ಬಂದ ದೊಡ್ಡ ಹಾಳೆಯನ್ನು ಪುಟ ಪುಟಕ್ಕೆ ಕೂಡುವಂತೆ ಮಡಿಸಿ, ಮರದ ಪಟ್ಟಿಯಿಂದ ಅಂಚು ತೀಡಿ, ಪುಸ್ತಕದ ಹೊಲಿಗೆಯವರ ಕಡೆ ತಳ್ಳುವುದು. ಮದುವೆಗೆ ಮುಂಚೆಯೇ ಸೇರಿದವರು. ಮರುವರ್ಷ ದೊಡ್ಡಪ್ಪ ಕಟಿಂಗ್ ಮಷಿನ್ನಿಗೆ ಸೇರಿದರು. ಅಲ್ಲಿಯ ಪರಿಚಯವೇ ಮದುವೆಯಾಯಿತು. ಕತ್ತರಿಸುವುದು ಕುಶಲ ಕೆಲಸ, ಮಡಿಸುವುದು ಬರೀ ಕೈಕೆಲಸ ಎಂದು ಸಂಸ್ಥೆ ತೀರ್ಮಾನಿಸಿತ್ತು. ದೊಡ್ಡಪ್ಪನ ಕುಶಲತೆ ಏನೆಂದರೆ ಕಾಗದದ ಕಟ್ಟನ್ನು ತಳ್ಳಿ ಗುಂಡಿ ಒತ್ತುವುದು. ಮಷಿನ್ನು ಕತ್ತರಿಸುತ್ತದೆ, ದೊಡ್ಡಪ್ಪ ಎದೆ ಸೆಟೆಸುತ್ತಾರೆ.

ಮೊದಲ ಗಡಿಯಾರ ಹಿರಿಯ ಮಗಳು ಹೊಟ್ಟೆಯಲ್ಲಿದ್ದಾಗ ಬಂತು. ಹೆರಿಗೆ ರಜೆ ಎಂಬುದೊಂದು ಇತ್ತು, ನೋಟೀಸ್ ಬೋರ್ಡಿನ ಮೇಲೆ. ಕೇಳಲು ಹೋದರೆ ಸಿಬ್ಬಂದಿ ವಿಭಾಗದ ಸಾಹೇಬರು, ಆಗಿನ್ನೂ ಎಳೆಯರು, ತಂದೆಯಂತೆ ನಕ್ಕರಂತೆ. ಇವರಿಗೆ ನಾವಿಟ್ಟ ಹೆಸರು 'ಹಾಗಲ್ಲ ಸಾಹೇಬರು'. ಬೆಂಕಿ ಬಿದ್ದಿದೆ ಎಂದರೂ ಮೊದಲು "ಹಾಗಲ್ಲ" ಎಂದೇ ಬಾಯಿ ತೆರೆಯುವ ಜೀವ.

"ಹಾಗಲ್ಲಮ್ಮ, ರಜೆ ಗಿಜೆ ಅಂತ ಯಾಕೆ ತಲೆ ಕೆಡಿಸ್ಕೋತೀಯ? ಚೆನ್ನಾಗಿ ಕಳಿಸಿಕೊಡ್ತೀವಿ, ಮಗು ನೋಡ್ಕೊಂಡು ಬಾ. ನಿನ್ನ ಜಾಗ ಎಲ್ಲಿಗೂ ಹೋಗಲ್ಲ."

ಜಾಗ ನಿಜಕ್ಕೂ ಎಲ್ಲಿಗೂ ಹೋಗಲಿಲ್ಲ. ಅದೇ ಮೇಜು, ಅದೇ ಸ್ಟೂಲು, ಅದೇ ಮರದ ಪಟ್ಟಿ. ಹೋದದ್ದು ಅಷ್ಟು ದಿನ ಮಾಡಿದ ಸೇವೆ. ವಾಪಸು ಬಂದಾಗ ಅವರನ್ನು ಹೊಸಬಳೆಂದು ಬರೆದುಕೊಂಡರು. ಎರಡನೆಯ ಗಡಿಯಾರ ಮಗ ಹುಟ್ಟುವಾಗ. ಮತ್ತೆ ಹೊಸಬಳು.

ಮೂರನೆಯದರ ಕಥೆ ಕೇಳಿದರೆ ನಿಮಗೆ ನಗು ಬರಬೇಕು. ದೊಡ್ಡಪ್ಪ ಸ್ನೇಹಿತರ ಜೊತೆ ಪಂದ್ಯ ಕಟ್ಟಿ, ಸ್ಕೂಟರಿನ ಮೇಲೆ ನಿಂತುಕೊಂಡು ಹೋಗಲು ನೋಡಿ, ಕಾಲು ಮುರಿದುಕೊಂಡರು. ಒಂದು ವರ್ಷಕ್ಕೂ ಮೇಲೆ ಹಾಸಿಗೆಯಲ್ಲೇ. ಅವರಿಗೆ ರಜೆ ಸಿಕ್ಕಿತು. ಅವರನ್ನು ಎತ್ತಿ ಕೂರಿಸಿ, ಒರೆಸಿ, ಉಣ್ಣಿಸಲು ಮನೆಯಲ್ಲಿ ನಿಂತ ದೊಡ್ಡಮ್ಮನಿಗೆ ಹೂಗುಚ್ಛ, ಬಿಸ್ಕತ್ತು, ಗಡಿಯಾರ. ಮುರಿದದ್ದು ಒಂದೇ ಕಾಲು. ದೊಡ್ಡಪ್ಪನ ಸೇವೆ ಅದರಿಂದ ಕುಂಟಲಿಲ್ಲ, ದೊಡ್ಡಮ್ಮನದು ನೆಲಕಚ್ಚಿತು.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ದೊಡ್ಡಪ್ಪ ನಿವೃತ್ತರಾಗಿ, ಪೂರ್ತಿ ಪಿಂಚಣಿ ತೆಗೆದುಕೊಂಡು, ಬೆತ್ತದ ಕುರ್ಚಿಯಲ್ಲಿ ಕೂತು ಪ್ರಪಂಚವನ್ನು ಸರಿ ಮಾಡುತ್ತಿದ್ದರು. ದೊಡ್ಡಮ್ಮನ ನಿವೃತ್ತಿ ಹತ್ತಿರ ಬಂದಿತ್ತು. ಒಂದು ಸಂಜೆ ಅಡುಗೆಮನೆಯಲ್ಲಿ ಕೇಳಿದರು.

"ಲೋ, ನೀನು ಆಫೀಸಲ್ಲೇ ಇರ್ತೀಯಲ್ಲ, ನನಗೆಷ್ಟು ಬರುತ್ತೆ ನೋಡಿ ಹೇಳು."

ಮಹಾ ಉಪಕಾರ ಮಾಡುವವನಂತೆ ನೋಡಿದೆ. ಪಿಂಚಣಿಗೆ ಹತ್ತು ವರ್ಷ ಬಿಟ್ಟೂಬಿಡದ ಸೇವೆ ಬೇಕು. ಗಡಿಯಾರಗಳು ಬಂದು ಕತ್ತರಿಸಿದ ಯಾವ ತುಂಡೂ ಹತ್ತು ವರ್ಷವಿರಲಿಲ್ಲ. ಕೊನೆಯ ತುಂಡಿಗೆ ಎರಡು ತಿಂಗಳು ಕಡಿಮೆ ಬೀಳುತ್ತಿತ್ತು. ತಲೆ ನೆರೆಯುವವರೆಗೆ ಕಾಗದ ಮಡಿಸಿದ ಹೆಂಗಸಿಗೆ ಬರುವುದು ಸೊನ್ನೆ. ಹೇಳಿದೆ. ಅವರು ಒಲೆ ಆರಿಸಿದರು.

"ನಿಮ್ಮ ದೊಡ್ಡಪ್ಪ ಮಲಗಿದ್ರಲ್ಲ, ಆಗ ನನ್ನ ಚಪ್ಪಲಿ ಕಿತ್ತು ಹೋಗಿತ್ತು. ದುಡ್ಡು ಕೇಳಿದೆ. 'ಚಪ್ಪಲಿ ಯಾಕೆ? ಎಲ್ಲಿಗೆ ಹೋಗ್ಬೇಕು ನೀನು?' ಅಂದ್ರು. ನಾನು ತೊಳೆದು ಒರೆಸಿದ ಮನುಷ್ಯ, ಮಲಗಿದಲ್ಲಿಂದಲೇ ಕೇಳಿದ್ರು. ವಾಪಸ್ ಕೆಲಸಕ್ಕೆ ಸೇರಿದ ಮೇಲೆ ಆ 'ಯಾಕೆ' ನಿಂತಿತ್ತು. ಈಗ ಮತ್ತೆ ಶುರು ಆಗುತ್ತೆ ನೋಡು. ಸಾಯೋ ತನಕ."

"ಸಾಹೇಬರ ಹತ್ರ ಮಾತಾಡೋಣ ದೊಡ್ಡಮ್ಮ" ಎಂದೆ. ನನ್ನ ಮಾತಿಗೆ ಅಲ್ಲಿ ಚಹಾದ ಲೋಟಕ್ಕಿರುವಷ್ಟು ಬೆಲೆಯೂ ಇಲ್ಲವೆಂದು ಗೊತ್ತಿದ್ದೂ ಎಂದೆ.

ಹಾಗಲ್ಲ ಸಾಹೇಬರು ಕಡತ ತರಿಸಿದರು. ಮೂರೂ ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಮೂರರಲ್ಲೂ ದೊಡ್ಡಮ್ಮ ಹೂಗುಚ್ಛ ಹಿಡಿದಿದ್ದಾರೆ, ಎರಡರಲ್ಲಿ ಹೂಗುಚ್ಛ ಹೊಟ್ಟೆಯ ಮೇಲೆ ಕೂತಿದೆ. ಮೂರರಲ್ಲೂ ಪಕ್ಕದಲ್ಲಿ ಸಾಹೇಬರಿದ್ದಾರೆ, ಮೊದಲನೆಯದರಲ್ಲಿ ತಲೆಯ ಮೇಲೆ ಕೂದಲೂ ಇದೆ.

"ಹಾಗಲ್ಲಮ್ಮ, ನೋಡು, ನಗ್ತಾ ಇದೀಯ. ಇಷ್ಟಪಟ್ಟು ಬಿಟ್ಟಿದ್ದೀಯ ಅಂತ ತಾನೇ ಅರ್ಥ?"

"ಫೋಟೋ ತೆಗೆಯೋನು ನಗಿ ಅಂದ ಸಾರ್."

"ಹಾಗಲ್ಲ. ಇಲ್ಲಿ ಯಾರು ಬಿಟ್ಟು ಹೋದ್ರು, ಯಾರು ಹೋಗಿಲ್ಲ ಅನ್ನೋದಕ್ಕೆ ಫೋಟೋನೇ ಆಧಾರ. ಫೋಟೋ ಇದ್ರೆ ಹೋದ ಹಾಗೆ. ಫೋಟೋ ಇಲ್ಲ ಅಂದ್ರೆ ಹೋಗಿಲ್ಲ. ನಿಮ್ಮ ಯಜಮಾನರ ಫೋಟೋ ತೆಗೆದಿರಲಿಲ್ಲ, ಅದಕ್ಕೇ ಅವರದು ರಜೆ."

"ಅವರ ಕಾಲಿಗೋಸ್ಕರ ತಾನೇ ಸಾರ್ ನಾನು ಬಿಟ್ಟಿದ್ದು? ಬೇಕಾದ್ರೆ ಅವರನ್ನೇ ಕೇಳಿ."

ಮರುದಿನ ದೊಡ್ಡಪ್ಪನನ್ನು ಕರೆಸಿದರು. ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಸಾಹೇಬರ ಎದುರಿನ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಆ ಪ್ರಸಿದ್ಧ ಕಾಲನ್ನು ಹಾಕಿಕೊಂಡರು. ದೊಡ್ಡಮ್ಮ ನಿಂತಿದ್ದರು. ನಾನು ಚಹಾ ಹಿಡಿದಿದ್ದೆ.

"ನಾನೇನೂ ಕೆಲಸ ಬಿಡು ಅಂತ ಹೇಳಿರಲಿಲ್ಲ ಸಾರ್. ಅವಳಾಗೇ ಬಿಟ್ಲು. ಮನೇಲಿ ಇರೋಣ ಅನ್ನಿಸಿರಬೇಕು." ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, ಸಮಾಧಾನ ಹೇಳುವ ದನಿಯಲ್ಲಿ, "ನನಗೆ ಬರುತ್ತಲ್ಲೇ, ನಿನಗೆ ಬೇರೆ ಯಾಕೆ?"

ಆ ಕುರ್ಚಿಯಲ್ಲಿ ಒಂದು ಕಾಗದದ ಕಟ್ಟನ್ನು ಕೂರಿಸಿದ್ದರೂ ಇದಕ್ಕಿಂತ ಹೆಚ್ಚು ನಾಚಿಕೆಪಟ್ಟುಕೊಳ್ಳುತ್ತಿತ್ತು. ನಾನೇನು ಮಾಡಿದೆ? "ಸಕ್ಕರೆ ಸಾಕಾ ದೊಡ್ಡಪ್ಪ?" ಎಂದು ಕೇಳಿದೆ.

ಸಾಹೇಬರು ಮನವಿಯನ್ನು ತಳ್ಳಿಹಾಕಿದರು. ಸುಮ್ಮನೆ ತಳ್ಳಿಹಾಕಿದ್ದರೆ ಆಗುತ್ತಿತ್ತು; ಆದರೆ ಅವರಿಗೆ ತಮ್ಮ ಜಾಣತನ ಕೇಂದ್ರ ಕಚೇರಿಗೂ ತಿಳಿಯಬೇಕಿತ್ತು. 'ಬೀಳ್ಕೊಡುಗೆಯ ಫೋಟೋ ಕಡತದಲ್ಲಿಲ್ಲದೆ ಯಾರೂ ಸೇವೆಯಿಂದ ಹೊರಹೋದಂತೆ ಪರಿಗಣಿಸತಕ್ಕದ್ದಲ್ಲ' ಎಂದು ಆದೇಶ ಬರೆದು, ಅಲ್ಲಿಂದ ಒಪ್ಪಿಗೆ ತರಿಸಿ, ಬೋರ್ಡಿಗೆ ಹಚ್ಚಿಸಿದರು. ಹಚ್ಚಿದವನು ನಾನೇ. ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಬಂದು ಅದನ್ನು ನಿಧಾನವಾಗಿ ಓದಿದರು. ಪಿನ್ನು ಸಡಿಲವಾಗಿದೆ ಎಂದು ತೋರಿಸಿ ಹೋದರು.

ನಿವೃತ್ತಿಯ ದಿನ ಬಂತು. ನಾನು ಹೂಗುಚ್ಛ ತಂದೆ, ಬಿಸ್ಕತ್ತು ಜೋಡಿಸಿದೆ. ಸಾಹೇಬರು ಭಾಷಣದ ಚೀಟಿ ಹಿಡಿದು ಸಭಾಂಗಣದಲ್ಲಿ ಕೂತರು. ನಾಲ್ಕನೆಯ ಗಡಿಯಾರ ಡಬ್ಬಿಯೊಳಗೆ ಟಿಕ್ ಟಿಕ್ ಎನ್ನುತ್ತಿತ್ತು. ದೊಡ್ಡಮ್ಮ ಬರಲಿಲ್ಲ. ಹೋಗಿ ನೋಡಿದರೆ ಮೇಜಿನ ಮುಂದೆ ಕೂತು ಹಾಳೆ ಮಡಿಸುತ್ತಿದ್ದಾರೆ.

"ದೊಡ್ಡಮ್ಮ, ಎಲ್ಲರೂ ಕಾಯ್ತಾ ಇದಾರೆ."

"ಯಾಕೆ?"

"ಬೀಳ್ಕೊಡುಗೆ..."

"ನನಗೆ ಬೇಡ ಕಣೋ. ಮೂರು ಸಲ ಆಗಿದೆ, ಸಾಕು."

ಸಾಹೇಬರಿಗೆ ಹೇಳಿದೆ. ನಾಚಿಕೆ ಇರಬೇಕು, ನಾಳೆ ಬರುತ್ತಾಳೆ ಬಿಡು ಎಂದರು. ಮರುದಿನ ದೊಡ್ಡಮ್ಮ ಬಂದರು, ಕೆಲಸಕ್ಕೆ. ಅದರ ಮರುದಿನವೂ ಬಂದರು. ಗೇಟಿನವನಿಗೆ ಅವರ ಹೆಸರು ತೆಗೆಯಲು ಆದೇಶ ಬೇಕು, ಆದೇಶಕ್ಕೆ ಫೋಟೋ ಬೇಕು. ಸಾಹೇಬರು ಫೋಟೋ ಇಲ್ಲದೆಯೇ ಕಾಗದ ಕಳಿಸಿ ನೋಡಿದರು. ಕೇಂದ್ರ ಕಚೇರಿ ಅವರದೇ ಆದೇಶದ ಪ್ರತಿ ಲಗತ್ತಿಸಿ, ಫೋಟೋ ಎಲ್ಲಿ ಎಂದು ಕೇಳಿ ವಾಪಸು ಕಳಿಸಿತು. ಬುದ್ಧಿವಂತರು ಬುದ್ಧಿವಂತರಿಗೆ ಬರೆದರೆ ಆಗುವುದೇ ಇಷ್ಟು.

ಸಂಬಳ ತಡೆಹಿಡಿದು ನೋಡಿದರು. ದುಡ್ಡಿಲ್ಲದೆ ದುಡಿಯುವುದು ದೊಡ್ಡಮ್ಮನಿಗೆ ಹೊಸತೇ? ಮದುವೆಯಾದ ದಿನದಿಂದ ಮನೆಯಲ್ಲಿ ಅದನ್ನೇ ಮಾಡಿದವರು. ಸಾಹೇಬರು ತಾವೇ ಮೇಜಿನ ಹತ್ತಿರ ಬಂದರು. ಹಿಂದೆ ಹೂಗುಚ್ಛ ಹಿಡಿದು ನಾನು, ಮದುವೆಗೆ ಒಪ್ಪದ ಹುಡುಗಿಯ ಮನೆಗೆ ಹೋದ ಗಂಡಿನ ಕಡೆಯವನ ಹಾಗೆ.

"ಹಾಗಲ್ಲಮ್ಮ, ಒಂದೇ ಒಂದು ಫೋಟೋ. ಹಿಡ್ಕೊಂಡು ನಿಂತ್ಕೋ, ಸಾಕು."

"ಕೈ ಖಾಲಿ ಇಲ್ಲ ಸಾರ್. ಪಠ್ಯಪುಸ್ತಕದ ಕೆಲಸ ತಲೆ ಮೇಲಿದೆ. ಮಕ್ಕಳು ಶಾಲೆಗೆ ಬರಿಗೈಲಿ ಹೋಗ್ಬೇಕಾ?"

ಹೊಲಿಗೆಯವರು ಮುಸಿಮುಸಿ ನಕ್ಕರು. ಹೂವು ಬಾಡಿತು. ಮತ್ತೆ ತಂದೆ, ಮತ್ತೆ ಬಾಡಿತು. ಹೂವಿನ ಅಂಗಡಿಯವನು ನನಗೆ ಪ್ರೇಮ ಕೈಕೊಟ್ಟಿದೆ ಎಂದುಕೊಂಡು ಕನಿಕರದಿಂದ ಒಂದೆರಡು ಹೂವು ಜಾಸ್ತಿ ಹಾಕತೊಡಗಿದ.

ಮನೆಯಲ್ಲಿ ದೊಡ್ಡಪ್ಪ ಸಿಡಿಯುತ್ತಿದ್ದರು. "ಮರ್ಯಾದೆ ತೆಗೀತಾ ಇದೀಯ. ಸಾಹೇಬರು ಏನಂದ್ಕೋತಾರೆ? ಸಂಬಳ ಬೇರೆ ಇಲ್ಲ. ಯಾಕೆ ಹೋಗ್ತೀಯ ಅಲ್ಲಿಗೆ?"

"ಮನೇಲಿ ಇರೋಣ ಅಂತ ಅನ್ನಿಸ್ತಿಲ್ಲ" ಎಂದರು ದೊಡ್ಡಮ್ಮ, ಅವರ ತಟ್ಟೆಗೆ ಬಡಿಸುತ್ತ.

ನನಗೆ ಹೊಳೆದದ್ದು ಆಗ. ಇದು ಹಟವಲ್ಲ. ಎರಡು ತಿಂಗಳು ಕಡಿಮೆ ಎಂದು ನಾನೇ ಹೇಳಿದ್ದೆ. ಫೋಟೋ ಇಲ್ಲದೆ ಹೋದಂತಲ್ಲ ಎಂದು ಸಾಹೇಬರೇ ಬರೆದಿದ್ದರು. ದೊಡ್ಡಮ್ಮ ಎರಡನ್ನೂ ಅಂಚು ಕೂಡಿಸಿ ಮಡಿಸಿದ್ದರು. ಸಾಹೇಬರ ಕಿವಿಗೆ ಇದನ್ನು ಹಾಕಿದ್ದರೆ ನನ್ನ ಗುತ್ತಿಗೆ ಕಾಯಂ ಆಗುತ್ತಿತ್ತೇನೋ. ಹಾಕಲಿಲ್ಲ. ಧೈರ್ಯದಿಂದಲ್ಲ, ಅವರ ಕೋಣೆಗೆ ಹೋದರೆ ಮತ್ತೆ ಹೂವಿಗೆ ಕಳಿಸುತ್ತಾರೆಂಬ ಸೋಮಾರಿತನದಿಂದ. ನ್ಯಾಯಕ್ಕಾಗಿ ನಾನು ಮಾಡಿದ ಹೋರಾಟ ಇಷ್ಟೇ. ಯಾರಾದರೂ ಸನ್ಮಾನ ಮಾಡುವುದಾದರೆ ಗಡಿಯಾರ ಬೇಡ.

ಒಂದು ಬೆಳಿಗ್ಗೆ ದೊಡ್ಡಮ್ಮ ಬಾಚಿ, ಒಳ್ಳೆಯ ಸೀರೆ ಉಟ್ಟು, ನೇರವಾಗಿ ಕಚೇರಿಗೆ ಬಂದರು. ಹಿಂದಿನ ದಿನಕ್ಕೆ ಹತ್ತು ವರ್ಷ ತುಂಬಿತ್ತು.

"ತೆಗಿಯಪ್ಪ ಫೋಟೋ."

ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. ಪಕ್ಕದಲ್ಲಿ ನಿಂತು, ಇಲ್ಲದ ಕೂದಲನ್ನು ಸವರಿಕೊಂಡರು. ನನ್ನ ಹೂಗುಚ್ಛ ಮೂರು ದಿನ ಹಳೆಯದು, ತಲೆ ಬಾಗಿಸಿತ್ತು.

"ಸ್ವಲ್ಪ ನಗಿ ದೊಡ್ಡಮ್ಮ" ಎಂದೆ, ಅಭ್ಯಾಸಬಲ.

"ಈ ಸಲ ಇಲ್ಲ. ಆಮೇಲೆ ಇಷ್ಟಪಟ್ಟು ಹೋದೆ ಅಂತಾರೆ." ನಾಲ್ಕನೆಯ ಗಡಿಯಾರದ ಡಬ್ಬಿಯನ್ನು ಅವರು ಮುಟ್ಟದೆ ಹೋದರು.

ಕಡತ ಕೇಂದ್ರ ಕಚೇರಿಗೆ ಹೋಗಿ, ಪಿಂಚಣಿಯ ಆದೇಶವಾಗಿ ಹಿಂತಿರುಗಿ ಬಂದಾಗ ಸಾಹೇಬರಿಗೆ ಅರ್ಥವಾಯಿತು. "ಹಾಗಲ್ಲ... ಹಾಗಲ್ಲ..." ಎನ್ನುತ್ತ ಹಾಳೆಯನ್ನು ತಿರುವಿ ತಿರುವಿ ನೋಡಿದರು. ಹೇಗೆ ಎಂಬುದು ಮಾತ್ರ ಅವರ ಬಾಯಿಂದ ಬರಲಿಲ್ಲ. ಜೊತೆಗೆ ಲಗತ್ತಿಸಿದ್ದ ಫೋಟೋ ಆದೇಶದ ಕೆಳಗೆ ಅವರದೇ ಸಹಿ ಇತ್ತು.

ಇದನ್ನು ಗೆಲುವು ಎಂದು ಕೊಂಡಾಡಬೇಡಿ. ಬರುವುದು ಹತ್ತು ವರ್ಷದ ಲೆಕ್ಕದ್ದು; ದೊಡ್ಡಪ್ಪನದರ ಮೂರನೆಯ ಒಂದು ಪಾಲೂ ಇಲ್ಲ. ಉಳಿದ ವರ್ಷಗಳು ಗೋಡೆಯ ಮೇಲೆ ಒಂದೊಂದು ಹೊತ್ತು ತೋರಿಸುತ್ತ ನೇತಾಡುತ್ತಿವೆ. ಅಷ್ಟು ಪಡೆಯಲು ಒಬ್ಬ ಹೆಂಗಸು ಎರಡು ತಿಂಗಳು ಸಂಬಳವಿಲ್ಲದೆ ದುಡಿಯಬೇಕಾಯಿತು. ಕಾಲು ಮುರಿದುಕೊಂಡವರು ಕೂತಲ್ಲೇ ಎಲ್ಲವನ್ನೂ ಪಡೆದರು.

ಕಳೆದ ವಾರ ಹೊಲಿಗೆ ವಿಭಾಗದ ಒಬ್ಬ ಹುಡುಗಿಗೆ ದಿನ ತುಂಬುತ್ತ ಬಂತು. ಸಾಹೇಬರು ಏನೂ ಆಗದವರಂತೆ ನನ್ನನ್ನು ಹೂವಿಗೆ ಕಳಿಸಿದರು. ನಾನೂ ಏನೂ ಆಗದವನಂತೆ ತಂದೆ, ಅಂಥ ಹುಲಿ. ಹುಡುಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ರಜೆ ಅಂತ ಬರ್ಕೊಳಿ ಸಾರ್, ಹೂವು ನನಗೆ ಆಗಲ್ಲ" ಎಂದಳು. ಸಾಹೇಬರು "ಹಾಗಲ್ಲಮ್ಮ" ಎಂದರು. ಅವಳು ಕೈ ಮುಂದೆ ತರಲಿಲ್ಲ.

ಮೊದಲ ಪಿಂಚಣಿ ಬಂದ ದಿನ ದೊಡ್ಡಮ್ಮ ಒಬ್ಬರೇ ಹೋಗಿ ಚಪ್ಪಲಿ ಕೊಂಡುತಂದರು. ಮಾರನೆಯ ಸಂಜೆ ಅದನ್ನು ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಂತಾಗ, ಬೆತ್ತದ ಕುರ್ಚಿಯಿಂದ ದನಿ ಬಂತು.

"ಎಲ್ಲಿಗೆ? ಯಾಕೆ?"

ಗೇಟಿನ ಚಿಲಕ ಬಿದ್ದ ಸದ್ದು ಕೇಳಿಸಿತು. ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಮೂರು ಗಡಿಯಾರಗಳನ್ನೂ ನೋಡಿ, ಗಂಟೆ ಎಷ್ಟಾಯಿತೋ ಗೊತ್ತಾಗುತ್ತಿಲ್ಲ ದೊಡ್ಡಪ್ಪ ಎಂದೆ.