ಟೀಚರ್ ಮಾಡಿದ ಊಹೆ

ತಿಮೋರ್ ದ್ವೀಪದ ಕಡಲತೀರದ ಒಂದು ಹಳ್ಳಿ ಶಾಲೆಯ ಮಕ್ಕಳಿಗೆ ‘ಊಹೆ’ ಎಂಬ ಪದದ ವ್ಯಾಖ್ಯೆ ಬಾಯಿಪಾಠವಾಗಿತ್ತು. ಆದರೆ ಊಹಿಸಿ ಎಂದರೆ ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ತಪ್ಪಿದರೆ ಹಿಂದಿನ ಮೇಷ್ಟ್ರು ಬೆತ್ತ ಎತ್ತುತ್ತಿದ್ದರು. ವಿಜ್ಞಾನ ಕಲಿಸಲು ಬಂದ ಎರ್ಮೆಲಿಂದಾ ಆ ಹೆದರಿಕೆ ಬಿಡಿಸಿಯೇ ತೀರುವೆನೆಂದು ಹಟ ಹಿಡಿದಳು.

ಒಂದು ಬೆಳಿಗ್ಗೆ ದೊಡ್ಡ ಕುಂಬಳಕಾಯಿ ತಂದು, “ಇದು ಮುಳುಗುತ್ತೋ ತೇಲುತ್ತೋ?” ಎಂದಳು. ಮಕ್ಕಳು ಪುಸ್ತಕ ತಿರುವಿ ಉತ್ತರ ಹುಡುಕಿದರು. ಕೊನೆಗೆ ತನ್ನ ಊಹೆಯನ್ನೇ ಹಲಗೆಯ ಮೇಲೆ ಬರೆದಳು: ಮುಳುಗುತ್ತದೆ.

“ಪರೀಕ್ಷೇಲಿ ಕುಂಬಳಕಾಯಿ ಕೇಳ್ತಾರೇನಮ್ಮ?” ಎಂದು ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರ್ ಹಂಗಿಸಿದರು.

“ಮೊದ್ಲು ಇವರ ಬಾಯಿ ಬಿಡಿಸ್ತೀನಿ ಸರ್, ಪರೀಕ್ಷೆ ಆಮೇಲೆ,” ಎಂದವಳೇ ಮಕ್ಕಳನ್ನು ಕಡಲಿಗೆ ಕರೆದೊಯ್ದಳು.

ಕಾಯಿ ತೇಲಿತು. ಮಕ್ಕಳು ಅಳುಕುತ್ತ ಅವಳ ಮುಖ ನೋಡಿದರು.

“ನನ್ನ ಊಹೆ ಮಣ್ಣು ಮುಕ್ಕಿತು ಕಣ್ರೋ!” ಎಂದು ಅವಳು ಗಟ್ಟಿಯಾಗಿ ನಕ್ಕಳು. “ಈಗ ನೀವು ಹೇಳಿ, ಕಲ್ಲಂಗಡಿ?”

“ಮುಳುಗುತ್ತೆ!” “ಇಲ್ಲ ಟೀಚರ್, ತೇಲುತ್ತೆ!” ಇಡೀ ತರಗತಿ ಒಮ್ಮೆಲೇ ಕೂಗಾಡಿತು.