ಮೊದಲೇ ಮುಗಿದ ಕೆಲಸ

ಬೊಮ್ಮಸಂದ್ರದ ಕಾರ್ಖಾನೆಗೆ ನಾನು ಮಾಡಿಕೊಟ್ಟ ಆ್ಯಪ್ ತೀರಾ ಸುಲಭವಾಗಿತ್ತು: ದಿನದ ಕೆಲಸಗಳ ಪಟ್ಟಿ, ಪ್ರತಿಯೊಂದಕ್ಕೂ ‘ಆಯ್ತು’ ಎಂಬ ಹಸಿರು ಗುಂಡಿ. ಅದನ್ನು ಹೇಗೆ ಬಳಸುತ್ತಾರೆಂದು ನೋಡಲು ಹೋದ ದಿನ, ಯಂತ್ರ ಒರೆಸುವ ವಿಜಯಪುರದ ಅಣ್ಣ ಚಹಾದ ಸಾಲಿನಲ್ಲೇ ಎಲ್ಲವನ್ನೂ ಒತ್ತಿ ಮುಗಿಸಿದ್ದರು, ‘ಕರೆಂಟ್ ಆಫ್ ಮಾಡಿ’ ಎಂಬುದನ್ನೂ. ಆ್ಯಪ್ ಬರುವ ಮುಂಚಿನ ರಿಜಿಸ್ಟರಿಗೂ ಶಿಫ್ಟ್ ಶುರುವಿನಲ್ಲೇ ಸಹಿ ಹಾಕುವುದು ಅಲ್ಲಿನ ರೂಢಿಯಂತೆ. ಆಮೇಲೆ ಅಣ್ಣ, ಕರೆಂಟ್ ಆಫ್ ಮಾಡದೆಯೇ, ಒರೆಸಲೆಂದು ಯಂತ್ರದ ನಿಂತಿದ್ದ ಬೆಲ್ಟಿನೊಳಗೆ ಕೈಯಿಟ್ಟರು. ಆಚೆ ತುದಿಯಲ್ಲಿ ಯಾರೋ ಸ್ವಿಚ್ ಒತ್ತಿದರು. ಕೈಗವಸು ಒಳಗೆ ಹೋಯಿತು, ಕೈ ಹೊರಗೆ ಬಂತು.

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಅವರೇ ನೀರು ತಂದುಕೊಟ್ಟರು. “ನಿಮ್ಮ ಆ್ಯಪ್ ಭಾಳ ಚಲೋ ಐತ್ರಿ ಮೇಡಂ. ಮಾಡೂಕಿಂತ ಮೊದ್ಲ ಕೆಲಸ ಮುಗಿಸ್ತೈತಿ.”

ಈಗ ಆ್ಯಪ್ ಬದಲಿಸಿದ್ದೇನೆ: ಆಫ್ ಆದ ಸ್ವಿಚ್ಚಿನ ಫೋಟೊ ತೆಗೆಯದೆ ಕರೆಂಟಿನ ಸಾಲಿನ ಹಸಿರು ಗುಂಡಿ ಒತ್ತಲಾಗದು. “ಮೊದ್ಲಿನಂಗ ಸುಲಭ ಇಲ್ರಿ” ಎಂದು ಅವರು ಕೈ ಬೀಸಿ ಗೊಣಗುತ್ತಾರೆ. ನಾನು ಇಂದಿಗೂ ಆ ಬೆರಳುಗಳನ್ನು ಎಣಿಸುತ್ತೇನೆ.